ಹೊಗಳಲು ಬಾರದ ಕಣಿವೆ

ಉಶಿಯಾಮಾ ಕಿಸಾಕುವಿನ ಮನೆಗೆ ಯಾರೇ ಹೋಗಲಿ, ಬಾಗಿಲಲ್ಲಿ ಕೇಳಿಸುವ ಮಾತು ಒಂದೇ: "ಇಲ್ಲೇನೂ ಇಲ್ಲ, ಆದ್ರೂ ಒಳಗೆ ಬನ್ನಿ." ಏನೂ ಇಲ್ಲದ ಆ ಮನೆಯಲ್ಲಿ ಕೂತು ಕಾಲು ಬೆಚ್ಚಗಾಗುವಷ್ಟರಲ್ಲಿ ಉಪ್ಪಿನಲ್ಲಿ ನೆನೆಸಿದ ನೊಜಾವಾನಾ ಸೊಪ್ಪು, ಸಿಹಿಪಾಕದ ಕಾಳು, ಒಣಗಿಸಿದ ಪರ್ಸಿಮನ್ ಹಣ್ಣು, ವಾಲ್‌ನಟ್ ಅರೆದು ಕಲಸಿದ ಪಲ್ಯ ಎಂದು ಮೇಜಿನ ಮೇಲೆ ಲೋಟ ಇಡಲೂ ಜಾಗ ಉಳಿಯುತ್ತಿರಲಿಲ್ಲ. "ತಿನ್ನೋ ಹಾಗಿಲ್ಲ, ನಮ್ಮವಳ ಕೈ ಮೊದಲಿಂದ್ಲೂ ಅಷ್ಟೇ" ಎಂದು ಅವನು ಬಟ್ಟಲನ್ನು ಮುಂದಕ್ಕೆ ನೂಕುವನು. ಬಂದವರು "ಅಯ್ಯೋ, ಎಷ್ಟು ರುಚಿ!" ಎನ್ನುವರು. ಹೆಂಡತಿ ತೊಮೆ ಅಡಿಗೆಮನೆಯಿಂದಲೇ, "ಪಾಪ, ಹಸಿದಿದ್ದಾರೆ, ಅದಕ್ಕೇ ರುಚಿ" ಎನ್ನುವಳು. ಎಲ್ಲರೂ ನಗುವರು. ಯಾರಿಗೂ ನೋವಿಲ್ಲ, ಯಾರೂ ಸುಳ್ಳು ಹೇಳಿದ ಹಾಗೂ ಇಲ್ಲ.

ಯಾತ್ಸುಗಾತಾಕೆ ಬೆಟ್ಟಸಾಲಿನ ಬುಡದ ಆ ಕಣಿವೆಯಲ್ಲಿ ತನ್ನದನ್ನು ತಾನೇ ಹೊಗಳಿಕೊಳ್ಳುವುದೆಂದರೆ ಬೂಟು ಕಳಚದೆ ಚಾಪೆ ತುಳಿದ ಹಾಗೆ. ಮಗ ಶಾಲೆಗೇ ಮೊದಲಿಗನಾಗಿ ಬಂದರೆ "ಹೇಗೋ ದಾಟಿದ" ಎನ್ನಬೇಕು. ಹೊಸ ಮನೆ ಕಟ್ಟಿದರೆ "ಒಂದು ಗೂಡು" ಎನ್ನಬೇಕು. ಹೊಗಳುವುದೇನಿದ್ದರೂ ಪಕ್ಕದ ಮನೆಯವರ ಕೆಲಸ. ಅವರು ಹೊಗಳುತ್ತಾರೆ, ಇವರು ಅಲ್ಲಗಳೆಯುತ್ತಾರೆ, ಎರಡೂ ಕಡೆಯವರು ಸಂತೋಷವಾಗಿ ಮಲಗುತ್ತಾರೆ. ಮದುವೆಯಾದ ಹೊಸತರಲ್ಲಿ ಕಿಸಾಕು ತೊಮೆಯನ್ನು ನೆಂಟರಿಗೆ ತೋರಿಸಿ "ಇಗೋ, ಇದೊಂದಿದೆ" ಅಂದಿದ್ದನಂತೆ. ಅಷ್ಟು ಹೇಳಿದ್ದೇ ಹೆಚ್ಚಾಯಿತೆಂದು ಆಗ ಅವನ ಕಿವಿ ಕೆಂಪಾಗಿತ್ತು ಎಂದು ತೊಮೆ ಈಗಲೂ ಹೇಳಿಕೊಂಡು ನಗುತ್ತಾಳೆ.

ಕಣಿವೆಯ ಕಸುಬು ಕಾಂತೆನ್. ಕಡಲಪಾಚಿಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಸೋಸಿ, ಆರಿಸಿ, ಗಟ್ಟಿಯಾದದ್ದನ್ನು ಇಟ್ಟಿಗೆಯ ಹಾಗೆ ಕೊಯ್ದು, ಕೊಯ್ಲಾದ ಗದ್ದೆಯಲ್ಲಿ ಹಲಗೆಗಳ ಮೇಲೆ ಸಾಲಾಗಿ ಹಾಸಬೇಕು. ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಹಗಲಿನ ಬಿಸಿಲಿಗೆ ಕರಗಿ ನೀರು ಬಿಡುತ್ತದೆ, ಮತ್ತೆ ರಾತ್ರಿ ಹೆಪ್ಪು. ಹಾಗೆ ಆಗಿ ಆಗಿ ಕೊನೆಗೆ ಕೈಯಲ್ಲಿ ಹಿಡಿದರೆ ತೂಕವೇ ತಿಳಿಯದ ಬಿಳಿ ದಿಂಡು ಉಳಿಯುತ್ತದೆ. ಸಿಹಿತಿಂಡಿ ಮಾಡುವವರಿಗೆ ಅದು ಬೇಕೇ ಬೇಕು. ಕಡಲೇ ಕಾಣದ ಊರಿಗೆ ಕಡಲಪಾಚಿಯ ಕಸುಬು ಹೇಗೆ ಬಂತೆಂದು ಹೊರಗಿನವರು ಕೇಳುತ್ತಾರೆ. ಕಡಲ ತೀರದಲ್ಲಿ ಪಾಚಿ ಇದೆ, ಇಂಥ ಚಳಿ ಇಲ್ಲ. ಬೆಟ್ಟದ ಆಚೆ ಬದಿ ಚಳಿ ಇದೆ, ಆದರೆ ಹಿಮ ಬಿದ್ದು ಹಾಸಿದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಇಲ್ಲಿ ಮಾತ್ರ ರಾತ್ರಿ ಮೂಗು ಉದುರುವ ಚಳಿ, ಹಗಲು ಕಣ್ಣು ಕುಕ್ಕುವ ಬಿಸಿಲು, ಕುಡಿದರೆ ಹಲ್ಲು ಜುಮ್ಮೆನ್ನುವ ಬೆಟ್ಟದ ನೀರು, ಮೂರೂ ಒಟ್ಟಿಗೆ.

ಇಷ್ಟನ್ನು ಹೇಳಿಕೊಳ್ಳಲು ಆ ಊರಿನ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅದೇ ಪಟ್ಟಣ ಕಚೇರಿಯ ಫುಜಿಮೊರಿಗೆ ತಲೆನೋವಾಗಿತ್ತು. ಊರಿಗೆ ಕೈಗಾರಿಕೆ ತರುವುದು ಅವನ ಕೆಲಸ. ದುಂಡು ಮುಖದ, ಸದಾ ಅವಸರದ ಮನುಷ್ಯ. ಜನವರಿಯ ಒಂದು ಬೆಳಿಗ್ಗೆ ಅವನು ಕಿಸಾಕುವಿನ ಮನೆಗೆ ಬಂದು, ಕೆಳಗೆ ಬಿಸಿಯಿಟ್ಟು ಮೇಲೆ ರಜಾಯಿ ಹೊದಿಸಿದ ಮೇಜಿನೊಳಗೆ ಸೊಂಟದವರೆಗೂ ತೂರಿಕೊಂಡು ಕೂತ.

"ಕಿಸಾಕು ಅಜ್ಜಾ, ನಾಳೆ ನಗೋಯಾದಿಂದ ಯೋಕಾನ್ ಕಂಪನಿಯವರು ಬರ್ತಾರೆ. ಕೆಂಪು ಕಾಳಿನ ಸಿಹಿ ಮಾಡೋರು, ದೊಡ್ಡ ಹೆಸರು. ಕಾರ್ಖಾನೆಗೆ ಜಾಗ ನೋಡ್ತಿದ್ದಾರೆ. ಕಾಂತೆನ್ ಗದ್ದೆ ಪಕ್ಕದಲ್ಲೇ ಬೇಕಂತೆ, ಕಾಳು ಬೇಯಿಸೋಕೆ ಬೆಟ್ಟದ ನೀರು ಬೇಕಂತೆ, ತಣಿಸೋಕೆ ಚಳಿ ಬೇಕಂತೆ. ನಮ್ಮಲ್ಲಿ ಎಲ್ಲಾ ಇದೆ."

"ಏನು ಮಹಾ ಇದೆ" ಎಂದ ಕಿಸಾಕು, ಅಭ್ಯಾಸಬಲದಿಂದ.

ಫುಜಿಮೊರಿ ಹಣೆ ಚಚ್ಚಿಕೊಂಡ. "ಇದೇ, ಇದೇ ಬೇಡ ಅನ್ನೋದು! ಹೋದ ಸಲ ಬೇರೆ ಕಂಪನಿಯವರು ಬಂದಾಗ ಊರಿನೋರೆಲ್ಲ ಸೇರಿ 'ನಮ್ಮ ಊರು ಕೊಂಪೆ, ನೀರು ಅಷ್ಟಕ್ಕಷ್ಟೆ' ಅಂತ ಹೇಳಿ ಹೇಳಿ, ಅವರು ಗಾಬರಿಯಾಗಿ ಪಕ್ಕದ ಕಣಿವೆಗೆ ಹೋದ್ರು. ಅಜ್ಜಾ, ಒಂದೇ ಒಂದು ದಿನ. ನಾಳೆ ಒಂದಿನ ಜಂಬ ಕೊಚ್ಚಿಕೊಳ್ಳಿ."

"ಇವರ ಕೈಲಿ ಆಗುತ್ತಾ?" ಎಂದಳು ತೊಮೆ ಚಹಾ ತರುತ್ತ. "ಐವತ್ತು ವರ್ಷದಿಂದ ಕಾಯ್ತಿದೀನಿ, ನನ್ನ ಬಗ್ಗೆಯೇ ಒಂದು ಒಳ್ಳೆ ಮಾತು ಹೊರಬಿದ್ದಿಲ್ಲ. ಇನ್ನು ನೀರಿನ ಬಗ್ಗೆ ಬೀಳುತ್ತಾ?"

ಕಿಸಾಕು ನಗಲಿಲ್ಲ. ಫುಜಿಮೊರಿಗಿಂತ ಅವನಿಗೇ ಆ ಕಾರ್ಖಾನೆ ಹೆಚ್ಚು ಬೇಕಾಗಿತ್ತು. ಒಂದು ಕಾಲಕ್ಕೆ ಚಳಿಗಾಲ ಬಂತೆಂದರೆ ಕಣಿವೆಯ ತುಂಬ ಬಿಳಿ ಸಾಲುಗಳೇ. ಈಗ ಒಂದೊಂದೇ ಮನೆ ಕಸುಬು ಬಿಟ್ಟು, ಉಳಿದಿರುವುದು ಬೆರಳೆಣಿಕೆಯಷ್ಟು. ಕಾಂತೆನ್ ಕೊಳ್ಳುತ್ತಿದ್ದ ಹಳೆಯ ಮಿಠಾಯಿ ಅಂಗಡಿಗಳೂ ಹಾಗೆಯೇ ಮುಚ್ಚಿಹೋಗುತ್ತಿದ್ದವು. ತನ್ನ ಕಾಲಕ್ಕೆ ಹೇಗೋ ನಡೆದೀತು. ಆದರೆ ಅವನಿಗೆ ಸೊಸೆಯ ಕಾಲಕ್ಕೂ ಅದು ನಡೆಯಬೇಕಾಗಿತ್ತು. ಪಕ್ಕದಲ್ಲೇ ಒಂದು ಕಾರ್ಖಾನೆ ಬಂದು ಮಾಡಿದ್ದನ್ನೆಲ್ಲ ಕೊಳ್ಳುವಂತಾದರೆ, ಈ ಗದ್ದೆ ನಾಗಿಸಾಳ ಕೈಯಲ್ಲಿ ಅವಳಿಗೆ ಸಾಕಾಗುವವರೆಗೂ ಇರುತ್ತದೆ. ಈ ಆಸೆಯನ್ನು ಅವನು ತೊಮೆಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೂ ತೊಮೆಗೆ ಗೊತ್ತಿತ್ತು.

ನಾಗಿಸಾ ಇಜುವಿನ ಕಡಲ ತೀರದವಳು. ಅವಳ ಅಪ್ಪ ಅಲ್ಲಿಂದ ಪಾಚಿಯ ಮೂಟೆ ಕಳಿಸುತ್ತಿದ್ದ. ಒಂದು ಶರತ್ಕಾಲ ಆ ಲಾರಿಯಲ್ಲೇ ಅವಳೂ ಕೂತು ಬಂದಳು. ಮೂಟೆ ಇಳಿಸಲು ಕೈಕೊಟ್ಟ ಮಗ ಶೂಹೇಇ ಮೂಟೆಗಿಂತ ಹೆಚ್ಚು ಹೊತ್ತು ಅವಳನ್ನೇ ನೋಡಿದ. ಅವನು ಸರೋವರದ ಬಳಿಯ ಪಟ್ಟಣದಲ್ಲಿ ಕ್ಯಾಮೆರಾ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಗದ್ದೆಯ ಚಳಿಗೆ ಇಳಿದರೆ ಸಾಲಾಗಿ ಸೀನುತ್ತಾನೆ. ಹಾಗಾಗಿ ಗದ್ದೆಗೆ ಇಳಿದದ್ದು ಸೊಸೆ. ಮದುವೆಯಾಗಿ ಬಂದ ಮೊದಲ ಚಳಿಗಾಲ ಅವಳು ಮೂರು ಜೊತೆ ಕಾಲುಚೀಲ ಹಾಕಿಕೊಂಡು, ಮುಖಕ್ಕೆ ಟವೆಲು ಸುತ್ತಿಕೊಂಡು, ಹಲಗೆ ಹಿಡಿದು ನಡುಗುತ್ತ ನಿಂತಿದ್ದನ್ನು ನೋಡಿ ಕಿಸಾಕು ಪಕ್ಕದವರಿಗೆ, "ಕಡಲ ಮೀನನ್ನ ತಂದು ಹಿಮದಲ್ಲಿ ನಿಲ್ಲಿಸಿದ ಹಾಗಿದೆ, ಇದು ದಡ ಸೇರೋದಿಲ್ಲ" ಎಂದಿದ್ದ. ಎಲ್ಲರೂ ನಕ್ಕಿದ್ದರು. ನಾಗಿಸಾಳೂ ನಕ್ಕಿದ್ದಳು. ಆಮೇಲೆ ಎಷ್ಟೋ ಚಳಿಗಾಲ ಕಳೆದವು. ಅವಳ ತಲೆಯಲ್ಲಿ ಒಂದೆರಡು ಬಿಳಿಕೂದಲೂ ಬಂದವು. ಕಿಸಾಕುವಿನ ಮಾತು ಮಾತ್ರ ಅದೇ.

ಮರುದಿನ ಬಂದವಳು ಸೆರಿಜಾವಾ ಎಂಬ ಹೆಂಗಸು. ಕಪ್ಪು ಕೋಟು, ಮೆಲು ಮಾತು. ಕಾರ್ಖಾನೆ ಎಲ್ಲಿ ಎಂದು ಆರಿಸುವ ಜವಾಬ್ದಾರಿ ಕಂಪನಿಯಲ್ಲಿ ಆಕೆಯದೇ ಎಂದು ಫುಜಿಮೊರಿ ಮೊದಲೇ ಪಿಸುಗುಟ್ಟಿದ್ದ. ತೊಮೆ ಇಟ್ಟದ್ದೆಲ್ಲವನ್ನೂ ಆಕೆ ಚೊಕ್ಕವಾಗಿ ತಿಂದಳು. ಆಮೇಲೆ ಕಿಸಾಕುವಿನ ಕಡೆ ತಿರುಗಿ, "ಇಲ್ಲಿ ಚಳಿ ಹೇಗೆ?" ಎಂದು ಕೇಳಿದಳು.

ಕಿಸಾಕುವಿನ ಬೆನ್ನಿಗೆ ಫುಜಿಮೊರಿಯ ಬೆರಳು ಚುಚ್ಚಿತು. "ಚಳಿ... ಪರವಾಗಿಲ್ಲ" ಎಂದ. ಬೆರಳು ಇನ್ನೂ ಜೋರಾಗಿ ಚುಚ್ಚಿತು. "ಅಂದ್ರೆ, ಇದೆ. ಇದ್ದೇ ಇದೆ."

"ನೀರು?"

"ನೀರು ಕೂಡ..." ಕಿಸಾಕು ಬೆವರಿದ. "ನೀರಿನ ಥರಾನೇ ಇದೆ."

ಅಡಿಗೆಮನೆಯಲ್ಲಿ ತೊಮೆ ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಎಂದು ಕಿಸಾಕುವಿಗೆ ಗೊತ್ತು. ಸೆರಿಜಾವಾ ಮಾತ್ರ ಗಂಭೀರವಾಗಿ ತಲೆಯಾಡಿಸಿದಳು. ಹೊಗಳಿಕೊಳ್ಳದವರ ನಾಡಿನಲ್ಲೇ ಹುಟ್ಟಿ ಬೆಳೆದವಳು ಆಕೆ. ಪರವಾಗಿಲ್ಲ ಎಂದರೆ ಅಮೋಘ ಎಂದು ಅರ್ಥ ಮಾಡಿಕೊಳ್ಳುವುದು ಆಕೆಗೂ ಗೊತ್ತಿತ್ತು. ಹಲ್ಲು ಜುಮ್ಮೆನ್ನುವ ಆ ನೀರನ್ನು ಆಕೆ ಎರಡು ಲೋಟ ಕೇಳಿ ಕುಡಿದಿದ್ದಳು.

ಆಮೇಲೆ ಗದ್ದೆಗೆ ಹೋದರು. ಫುಜಿಮೊರಿ ಕಾರನ್ನು ಗದ್ದೆಯ ಅಂಚಿಗೆ ತರುತ್ತೇನೆಂದು ಓಡಿದ. ಬಿಸಿಲಿಗೆ ಬಿಳಿ ಸಾಲುಗಳು ಮಿನುಗುತ್ತಿದ್ದವು. ನಾಗಿಸಾ ಕೆಲಸದವರ ಜೊತೆ ಒಂದೊಂದೇ ದಿಂಡನ್ನು ಮಗ್ಗುಲು ತಿರುಗಿಸುತ್ತಿದ್ದವಳು, ಅತಿಥಿಯನ್ನು ಕಂಡು ಮುಖದ ಟವೆಲು ಬಿಚ್ಚಿ ತಲೆಬಾಗಿದಳು. ಸೆರಿಜಾವಾ ಬಗ್ಗಿ ಒಂದು ದಿಂಡನ್ನು ಮುಟ್ಟಿ ನೋಡಿದಳು. ಮುಟ್ಟಿದ ಬೆರಳನ್ನು ತಕ್ಷಣ ತೆಗೆಯಲಿಲ್ಲ.

"ಉಶಿಯಾಮಾ ಅವರೇ, ಒಂದು ಮಾತು ಕೇಳ್ಲೇಬೇಕು. ನಾವು ಕಾರ್ಖಾನೆ ಕಟ್ಟಿದರೆ ಬಹಳ ಕಾಲ ಇರೋಕೆ ಕಟ್ತೀವಿ. ಪಕ್ಕದಲ್ಲಿ ಕಾಂತೆನ್ ಮಾಡೋರು ಇಲ್ಲ ಅಂದ್ರೆ ಇಲ್ಲಿಗೆ ಬಂದು ಪ್ರಯೋಜನ ಇಲ್ಲ. ನಿಮ್ಮ ನಂತರ ಇದನ್ನ ಯಾರು ನೋಡ್ಕೋತಾರೆ?"

ಕಿಸಾಕು ಸೊಸೆಯ ಕಡೆ ನೋಡಿದ. ಎದೆಯಲ್ಲಿ ಏನೋ ಬೆಚ್ಚಗಾಯಿತು. ಇಷ್ಟು ಒಳ್ಳೆಯ ಉತ್ತರ ಕಣ್ಣೆದುರೇ ನಿಂತಿದೆ. ಆದರೆ ಬಾಯಿ ತೆರೆದಾಗ ಹೊರಬಿದ್ದದ್ದು ಹಳೆಯ ಮಾತೇ.

"ಅಯ್ಯೋ, ಏನು ಹೇಳ್ಲಿ. ಸೊಸೆ ಅಂತ ಇವಳೊಬ್ಬಳಿದ್ದಾಳೆ. ಕಡಲಿನವಳು, ಚಳಿ ಅಂದ್ರೇನು ಅಂತ ತಿಳಿಯೋದಿಲ್ಲ. ಎಷ್ಟು ಹೇಳಿಕೊಟ್ರೂ ಅಷ್ಟಕ್ಕಷ್ಟೆ. ನನ್ನ ಕಣ್ಣು ಮುಚ್ಚಿದ ಮೇಲೆ ಇದೂ ಮುಚ್ಚಿದ ಹಾಗೇ."

ಸೆರಿಜಾವಾ ನಾಗಿಸಾಳ ಕಡೆ ತಿರುಗಿದಳು. ನಾಗಿಸಾ ಕೈಯಲ್ಲಿದ್ದ ಟವೆಲನ್ನು ಒಂದು ಸಲ ಮಡಚಿದಳು. "ಮಾವ ಹೇಳೋದು ಸರಿ" ಎಂದಳು. "ನನ್ನಿಂದ ಅಂಥದ್ದೇನೂ ಆಗೋದಿಲ್ಲ."

"ಹೌದಾ" ಎಂದಳು ಸೆರಿಜಾವಾ. ಮತ್ತೇನೂ ಕೇಳಲಿಲ್ಲ. ಕಾರು ಬಂತು. ತೊಮೆ ಕಟ್ಟಿಕೊಟ್ಟ ಸೊಪ್ಪಿನ ಪೊಟ್ಟಣ ಹಿಡಿದು, ಕಾರಿನ ಕಿಟಕಿಯಿಂದ ಕಣ್ಮರೆಯಾಗುವವರೆಗೂ ತಲೆಬಾಗುತ್ತ ಆಕೆ ಹೊರಟುಹೋದಳು. ಕಿಸಾಕು ಮನೆಗೆ ಬಂದು ಕಾಲುಚಾಚಿ, ಎಲ್ಲ ಮರ್ಯಾದೆಯಾಗಿ ನಡೆಯಿತೆಂದು ನೆಮ್ಮದಿಯಿಂದ ಚಹಾ ಕುಡಿದ.

ಆ ನೆಮ್ಮದಿ ವಾರ ತುಂಬುವ ಮೊದಲೇ ಮುಗಿಯಿತು. ಫುಜಿಮೊರಿ ಬಂದವನು ಒಳಗೆ ಬರಲಿಲ್ಲ, ಬೂಟು ಬಿಚ್ಚದೆ ಹೊಸ್ತಿಲ ಕಟ್ಟೆಯ ಮೇಲೇ ಕೂತ. ಮುಖ ಸಪ್ಪೆಯಾಗಿತ್ತು.

"ಅಜ್ಜಾ, ಕಾರ್ಖಾನೆ ಪಕ್ಕದ ಕಣಿವೆಗೇ ಹೋಗುತ್ತಂತೆ. ಸೆರಿಜಾವಾ ಅವರು ಫೋನ್ ಮಾಡಿದ್ರು. ಬಾಯಲ್ಲಿ ಹೇಳಿ ಮುಗಿಸೋದು ಸರಿಯಲ್ಲ ಅಂತ ನಾಡಿದ್ದು ಅವರೇ ಬಂದು ನಿಮ್ಮ ಕ್ಷಮೆ ಕೇಳಿ ಹೋಗ್ತಾರಂತೆ."

"ಯಾಕೆ? ನೀರು ಹಿಡಿಸಲಿಲ್ವಾ?"

"ನೀರು ಹಿಡಿಸ್ತು. ಚಳಿ ಹಿಡಿಸ್ತು. ನಿಮ್ಮ ಕಾಂತೆನ್ ಅಂತೂ ತುಂಬಾ ಹಿಡಿಸ್ತು. ಮುಂದೆ ನೋಡ್ಕೊಳ್ಳೋರು ಯಾರೂ ಇಲ್ಲವಲ್ಲ, ಅದಕ್ಕೆ."

"ಇಲ್ಲ ಅಂತ ಯಾವನು ಹೇಳಿದ್ದು?"

"ನೀವೇ!"

"ಅದು... ಅದು ಒಂದು ಮಾತಪ್ಪಾ! ಹಾಗೆ ಹೇಳ್ದೆ ಇನ್ನೇನು ಹೇಳ್ಬೇಕು? ನಮ್ಮ ಸೊಸೆ ಬಂಗಾರ ಅಂತ ಬಂದವರೆದುರು ಕೂಗಲಾ? ಆ ಹೆಂಗಸೂ ನಮ್ಮ ಥರಾನೇ ತಾನೇ, ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಅದನ್ನೂ ಅಂದ್ರು." ಫುಜಿಮೊರಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಮಾವ ಹೇಳಿದ್ದು ಮರ್ಯಾದೆಗೆ ಅಂತ ಬಿಟ್ಟುಬಿಡ್ತಿದ್ದೆ, ಆದ್ರೆ ಸೊಸೆಯ ಮುಖ ನೋಡಿದೆ, ಆಕೆ ಮರ್ಯಾದೆಗೆ ಹೇಳ್ತಿರಲಿಲ್ಲ, ಅದು ನಿಜ ಅಂತಲೇ ಹೇಳಿದಳು, ಅಂದ್ರು."

ಫುಜಿಮೊರಿ ಹೋದ ಮೇಲೂ ಕಿಸಾಕು ಅಲ್ಲೇ ನಿಂತಿದ್ದ. ಕಾರ್ಖಾನೆ ಕೈತಪ್ಪಿದ್ದಕ್ಕಿಂತ ಆ ಕೊನೆಯ ಮಾತು ಅವನಿಗೆ ನಾಟಿತ್ತು. ತೊಮೆ ಬಂದು ಪಕ್ಕದಲ್ಲಿ ನಿಂತಳು.

"ಅವಳು ನಿಜ ಅಂದ್ಕೊಂಡಿದ್ದಾಳಾ?" ಎಂದು ಕೇಳಿದ ಕಿಸಾಕು. "ಇಷ್ಟು ವರ್ಷ?"

"ನನ್ನನ್ನ ಕೇಳಿದ್ರೆ? ಹೋಗಿ ಅವಳನ್ನೇ ಕೇಳಿ."

"ನೀನು ಯಾವತ್ತೂ ನಿಜ ಅಂದ್ಕೊಳ್ಳಲಿಲ್ವಲ್ಲ."

"ನಾನು ಈ ಕಣಿವೆಯಲ್ಲೇ ಹುಟ್ಟಿದವಳು ರೀ. ನನ್ನ ತವರಲ್ಲೂ ನಿಮ್ಮಂಥ ಬಾಯಿಸತ್ತೋರೇ ಇದ್ದದ್ದು. ನೀವು 'ಉಪ್ಪು ಜಾಸ್ತಿ' ಅಂತ ಮೂರು ಸಲ ಬಡಿಸ್ಕೊಂಡ್ರೆ ನನಗೆ ತಿಳಿಯುತ್ತೆ. ಆ ಹುಡುಗಿಗೆ ಅದನ್ನ ಯಾರು ಹೇಳಿಕೊಟ್ರು? ನಾನೂ ಹೇಳಿಕೊಡಲಿಲ್ಲ. ನಾನೂ ಬಂದವರ ಮುಂದೆ 'ನಮ್ಮ ಸೊಸೆಗೆ ಅನ್ನ ಮಾಡೋಕೂ ಬರಲ್ಲ' ಅಂದವಳೇ."

ನಾಡಿದ್ದು ಸೆರಿಜಾವಾ ಬಂದಾಗ ಎಲ್ಲವನ್ನೂ ಸರಿಮಾಡುತ್ತೇನೆಂದು ಕಿಸಾಕು ನಿರ್ಧರಿಸಿದ. ನಿರ್ಧಾರ ಸುಲಭ, ನಾಲಿಗೆ ಹೊರಳುವುದು ಕಷ್ಟ. ಹಂಡೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಖಾಲಿ ಹಂಡೆಯ ಎದುರು ನಿಂತು, "ನಮ್ಮ ಸೊಸೆ ತುಂಬಾ..." ಎಂದು ಶುರುಮಾಡಿದ. ಅಷ್ಟಕ್ಕೇ ಕಿವಿ ಬಿಸಿಯಾಯಿತು. ಹಂಡೆಯೂ ತನ್ನನ್ನು ನೋಡಿ ನಗುತ್ತಿದೆಯೇನೋ ಅನ್ನಿಸಿ ಹೊರಗೆ ಬಂದುಬಿಟ್ಟ.

"ಮೊದಲು ನನ್ನ ಮೇಲೆ ಪಳಗಿಸ್ಕೊಳ್ಳಿ" ಎಂದಳು ತೊಮೆ ಊಟಕ್ಕೆ ಕೂತಾಗ. "ಹೂಂ, ಹೇಳಿ. ಈ ಸೊಪ್ಪು ಹೇಗಿದೆ?"

ಕಿಸಾಕು ಸೊಪ್ಪನ್ನು ಅಗಿದ. ನುಂಗಿದ. ಗೋಡೆ ನೋಡಿದ. "ಕೆಟ್ಟದಾಗಿಲ್ಲ."

"ಅದು ಹೊಗಳಿಕೆಯಲ್ಲ, ಕ್ಷಮೆ. ಇನ್ನೊಂದ್ಸಲ."

"ಚೆ... ಚೆನ್ನಾಗಿದೆ."

ತೊಮೆ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. ತಮಾಷೆಗೆ ಶುರುಮಾಡಿದವಳು, ಈಗ ಎತ್ತ ನೋಡಬೇಕೆಂದು ತಿಳಿಯದೆ ಎದ್ದು ಹೋಗಿ ಕೆಟಲು ತೊಳೆಯತೊಡಗಿದಳು. ಆ ಕೆಟಲು ಆಗಲೇ ತೊಳೆದದ್ದಾಗಿತ್ತು.

ಹೇಳಿದ ದಿನ ಮಧ್ಯಾಹ್ನ ಸೆರಿಜಾವಾ ಬಂದಳು. ಕಂಪನಿಯ ಯೋಕಾನ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, "ತೀರಾ ಸಾಧಾರಣ ತಿಂಡಿ, ನಾಚಿಕೆಯಾಗುತ್ತೆ" ಎಂದು ಮುಂದಿಟ್ಟಳು. ಫುಜಿಮೊರಿ ಸಾವಿನ ಮನೆಗೆ ಬಂದವನ ಹಾಗೆ ಮೂಲೆಯಲ್ಲಿ ಕೂತ. ನಾಗಿಸಾ ಚಹಾ ತಂದಿಟ್ಟು, ಬಾಗಿಲ ಬಳಿ ಮಂಡಿಯೂರಿ ಕೂತಳು. ಸೆರಿಜಾವಾ ಈ ವರ್ಷದ ಚಳಿಯ ಬಗ್ಗೆ ಎರಡು ಮಾತಾಡಿದಳು, ಬೆಟ್ಟ ಇಂದು ಸ್ಪಷ್ಟವಾಗಿ ಕಾಣುತ್ತಿದೆ ಎಂದಳು. ಇಲ್ಲ ಎಂದು ಹೇಳಲು ಬಂದವರು ಮಾತು ಶುರುಮಾಡುವುದು ಬೆಟ್ಟದಿಂದಲೇ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಈ ಸಲದ ವಿಷಯ..." ಎಂದಳು.

"ಸ್ವಲ್ಪ ತಡೀರಿ" ಎಂದ ಕಿಸಾಕು.

ಅತಿಥಿಯ ಮಾತನ್ನು ಅವನು ನಡುವೆ ಕತ್ತರಿಸಿದ್ದು ಹುಟ್ಟಿದಮೇಲೆ ಅದೇ ಮೊದಲು. ಫುಜಿಮೊರಿ ತಲೆಯೆತ್ತಿದ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಅವತ್ತು ಗದ್ದೆಯಲ್ಲಿ ನಾನು ಹೇಳಿದ್ದು ಸುಳ್ಳು" ಎಂದ. ಅಂಗೈ ಬೆವರುತ್ತಿತ್ತು, ಮಂಡಿಯ ಮೇಲೆ ಒರೆಸಿಕೊಂಡ. "ನಮ್ಮ ಸೊಸೆ... ಈ ನಮ್ಮ ಕೆಲಸಕ್ಕೆ ಬಾರದ..." ಬಾಯಿ ತಾನಾಗಿಯೇ ಹಳೆಯ ದಾರಿ ಹಿಡಿದಿತ್ತು. ಅವನು ತನ್ನ ತೊಡೆಗೆ ತಾನೇ ಒಂದು ಏಟು ಕೊಟ್ಟುಕೊಂಡ. "ಅಲ್ಲ! ಹಾಗಲ್ಲ. ಕೇಳಿ. ಈ ಗದ್ದೆ ನಡೆಸ್ತಿರೋದು ಇವಳು. ನಾನು ಕೆಮ್ಮುತ್ತಾ ಹಿಂದೆ ಹಿಂದೆ ಓಡಾಡ್ತೀನಿ, ಅಷ್ಟೆ. ಮೂಟೆ ಬಿಚ್ಚಿ ಮೂಸಿ ನೋಡಿ, ಇದು ಯಾವ ತೀರದ ಪಾಚಿ, ಎಷ್ಟು ಹೊತ್ತು ಬೇಯಬೇಕು ಅಂತ ಇವಳು ಹೇಳ್ತಾಳೆ, ನಾನು ಬೆಂಕಿ ಹಾಕ್ತೀನಿ. ದೂರದ ಊರಿಂದ ಕೆಲಸದವರು ಪ್ರತಿ ಚಳಿಗಾಲ ವಾಪಸ್ ಬರ್ತಾರಲ್ಲ, ನನ್ನ ಮುಖ ನೋಡಿ ಬರ್ತಾರಾ? ಇವಳ ಮುಖ ನೋಡಿ ಬರ್ತಾರೆ. ಒಬ್ಬನ ಕೈ ಬಿರಿದ್ರೆ ಇವಳು ಎಣ್ಣೆ ಹಚ್ಚಿ ಪಟ್ಟಿ ಕಟ್ತಾಳೆ, ಒಬ್ಬನಿಗೆ ಮನೆ ನೆನಪಾದ್ರೆ ಇವಳಿಗೆ ತಿಳಿಯುತ್ತೆ."

ಉಸಿರು ತೆಗೆದುಕೊಂಡ. ಒಂದು ಸಲ ಕಟ್ಟೆ ಒಡೆದ ಮೇಲೆ ನಿಲ್ಲಿಸುವುದು ಹೇಗೆಂದು ಅವನಿಗೇ ತಿಳಿಯಲಿಲ್ಲ.

"ನಮ್ಮಲ್ಲಿ ನೀರಿದೆ, ಚಳಿ ಇದೆ, ಬಿಸಿಲಿದೆ. ಎಲ್ಲಾ ಒಳ್ಳೇದೇ ಇದೆ, ಇಂಥದ್ದು ಬೇರೆಲ್ಲೂ ಇಲ್ಲ! ಆದ್ರೆ ಅದು ನಮ್ಮ ಅಜ್ಜನ ಕಾಲದಲ್ಲೂ ಇತ್ತು, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿದೆ? ಇವಳು ಹಾಗಲ್ಲ. ಎಲ್ಲಿಂದಲೋ ಬಂದು ನಮಗೆ ಸಿಕ್ಕಿದವಳು. ನೀವು ಚಳಿ ಹೇಗೆ, ನೀರು ಹೇಗೆ ಅಂತ ಕೇಳಿದ್ರಲ್ಲ. ಈ ಕಣಿವೆಯ ಅನುಕೂಲ ಅಂದ್ರೆ ಇವಳೇ. ನನಗಿಂತ ಚೆನ್ನಾಗಿ ಮಾಡ್ತಾಳೆ. ನಮ್ಮಪ್ಪನಿಗಿಂತಲೂ ಚೆನ್ನಾಗಿ ಮಾಡ್ತಾಳೆ. ನಮ್ಮಪ್ಪ ಕೇಳಿಸ್ಕೊಂಡ್ರೂ ಪರವಾಗಿಲ್ಲ."

ದೇವರ ಗೂಡಿನ ಪಕ್ಕದ ಅಪ್ಪನ ಫೋಟೋ ಕಡೆ ಮಾತ್ರ ಅವನು ತಿರುಗಿ ನೋಡಲಿಲ್ಲ.

ಸೆರಿಜಾವಾ ಬಹಳ ಹೊತ್ತು ಕಿಸಾಕುವಿನ ಕೆಂಪು ಕಿವಿಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ಬಾಗಿಲ ಕಡೆ ತಿರುಗಿದಳು.

"ನಾಗಿಸಾ ಅವರೇ, ಇದು ನಿಜವಾ?"

ಕಿಸಾಕುವಿನ ಜೀವ ಬಾಯಿಗೆ ಬಂತು. ಇಂಥ ಮಾತಿಗೆ ಸೊಸೆಯಾದವಳು ಹೇಳಬೇಕಾದ ಉತ್ತರ ಒಂದೇ. 'ಛೆ, ಛೆ, ಎಲ್ಲಾದರೂ ಉಂಟೆ' ಎಂದು ಹಣೆ ಚಾಪೆಗೆ ತಾಗಿಸಬೇಕು. ಕಣಿವೆಯ ಯಾವ ಹೆಣ್ಣಾದರೂ ಅದನ್ನೇ ಹೇಳುತ್ತಾಳೆ, ತೊಮೆಯೂ ಅದನ್ನೇ ಹೇಳುತ್ತಾಳೆ. ನಾಗಿಸಾಳೂ ಅದನ್ನೇ ಹೇಳಿದರೆ ಎಲ್ಲ ಮುಗಿಯಿತು. ಹೇಳಬೇಡ ಎಂದು ಕಣ್ಸನ್ನೆ ಮಾಡೋಣವೆಂದರೆ ಅವಳು ತಲೆತಗ್ಗಿಸಿದ್ದಳು. ಅವಳ ಕೈಗಳು ತೊಡೆಯ ಮೇಲಿದ್ದವು. ಬೆರಳ ಗೆಣ್ಣುಗಳೆಲ್ಲ ಚಳಿಗೆ ಒಡೆದು ಕೆಂಪಾಗಿದ್ದವು. ಅವಳು ಅವನ್ನೇ ನೋಡುತ್ತಿದ್ದಳು.

"ನಿಜ" ಎಂದಳು ನಾಗಿಸಾ.

ಆಮೇಲೆ ತಲೆಯೆತ್ತಿ, ಸ್ವಲ್ಪ ಜೋರಾಗಿಯೇ, "ನನಗೆ ಈ ಕೆಲಸ ಬರುತ್ತೆ. ಚೆನ್ನಾಗಿ ಬರುತ್ತೆ. ನನ್ನ ಕೈಲಾಗೋವರೆಗೂ ಮಾಡ್ತೀನಿ" ಎಂದಳು.

ಅಡಿಗೆಮನೆಯಲ್ಲಿ ಏನೋ ದಡಾರನೆ ಬಿತ್ತು. "ಏನಿಲ್ಲ, ಏನಿಲ್ಲ, ಮುಚ್ಚಳ!" ಎಂದು ತೊಮೆಯ ನಡುಗುವ ದನಿ ಕೇಳಿಸಿತು. ಫುಜಿಮೊರಿ ಕರವಸ್ತ್ರ ತೆಗೆದು ಜೋರಾಗಿ ಮೂಗು ಸೀಟಿಕೊಂಡ.

ಸೆರಿಜಾವಾ ಚಹಾ ಕುಡಿದು ಮುಗಿಸಿದಳು. "ನಾನು ಇವತ್ತು ಹೇಳೋಕೆ ಬಂದಿದ್ದ ಮಾತು ಇನ್ನು ಹೇಳೋದಿಲ್ಲ" ಎಂದಳು. "ಕಂಪನಿಯಲ್ಲಿ ಮೇಲಿನವರನ್ನ ಒಪ್ಪಿಸ್ಬೇಕು, ಅದು ಸುಲಭ ಅಲ್ಲ. ಆದ್ರೆ..." ಆಕೆಯೂ ಒಂದು ಕ್ಷಣ ತಡವರಿಸಿದಳು, ಮುಖಕ್ಕೆ ರಕ್ತ ಏರಿತು. "ಆ ಕೆಲಸ ನನಗೂ ಚೆನ್ನಾಗಿ ಬರುತ್ತೆ. ಒಪ್ಪಿಸ್ತೀನಿ. ಇನ್ನೊಂದು ಮಾತು, ಆ ಯೋಕಾನ್ ತಿನ್ನಿ. ಬಹಳ ಚೆನ್ನಾಗಿದೆ."

ಎಲ್ಲರೂ ಒಂದೇ ಸಲ ನಕ್ಕುಬಿಟ್ಟರು.

ಅತಿಥಿಗಳನ್ನು ಕಳಿಸಿ ಬರುವಷ್ಟರಲ್ಲಿ ನಾಗಿಸಾ ಮನೆಯಲ್ಲಿರಲಿಲ್ಲ. ಕಿಸಾಕು ಗದ್ದೆಗೆ ಹೋದ. ಬಿಸಿಲು ಬೆಟ್ಟದ ನೆತ್ತಿಗೆ ಏರಿ, ಕೆಳಗೆ ಆಗಲೇ ಚಳಿ ಕಚ್ಚಲು ಶುರುವಾಗಿತ್ತು. ಸೊಸೆ ಗದ್ದ ಮುಚ್ಚುವ ಹಾಗೆ ಟವೆಲು ಸುತ್ತಿಕೊಂಡು ಹೊಸ ದಿಂಡುಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದಳು. ಕಣ್ಣು ಊದಿಕೊಂಡಿದ್ದವು. ಅವನು ಹತ್ತಿರ ಹೋಗಿ ನಿಂತ. ಆ ದಿನದ ಮಾತೆಲ್ಲ ಖರ್ಚಾಗಿಹೋಗಿತ್ತು.

"ಮಾವಾ" ಎಂದಳು ಅವಳೇ, ಕೈ ನಿಲ್ಲಿಸದೆ. "ನಾನು ಇಷ್ಟು ದಿನ ನೀವು ಹೇಳೋದೆಲ್ಲ ನಿಜ ಅಂದ್ಕೊಂಡಿದ್ದೆ. ನಮ್ಮ ಕಡೆ ದೋಣಿಯಿಂದ ದೋಣಿಗೆ ಕೂಗಿ ಮಾತಾಡೋರು. ಬಲೆ ಕೆಟ್ಟದಾಗಿ ಕಟ್ಟಿದ್ದೀಯಾ ಅಂದ್ರೆ ಕೆಟ್ಟದಾಗೇ ಕಟ್ಟಿದ್ದೀವಿ ಅಂತ ಅರ್ಥ."

"ಮತ್ತೆ ಯಾಕೆ ಇದ್ದೆಯಮ್ಮಾ?" ಎಂದು ಕೇಳಿದ ಕಿಸಾಕು. "ಬೈಸ್ಕೊಂಡು, ಈ ಚಳಿಯಲ್ಲಿ, ಇಷ್ಟು ವರ್ಷ? ಮನೆಯೊಳಗೇ ಇರಬಹುದಿತ್ತು. ಶೂಹೇಇ ಜೊತೆ ಪಟ್ಟಣಕ್ಕೆ ಹೋಗಿ ಇರಬಹುದಿತ್ತು. ಯಾರೂ ಬೇಡ ಅಂತಿರಲಿಲ್ಲ."

ನಾಗಿಸಾ ಬಿಳಿ ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ನನಗೆ ಇದು ಇಷ್ಟ ಮಾವಾ" ಎಂದಳು. "ನೀವು ಹೊಗಳ್ತೀರಿ ಅಂತ ಮಾಡ್ತಿರಲಿಲ್ಲ. ನನ್ನಿಂದ ಆಗಲ್ಲ ಅಂತಲೇ ಅಂದ್ಕೊಂಡು ಮಾಡ್ತಿದ್ದೆ. ಆದ್ರೂ ಬೆಳಿಗ್ಗೆ ಎದ್ರೆ ಇಲ್ಲಿಗೇ ಬರಬೇಕು ಅನ್ನಿಸ್ತಿತ್ತು."

ಕಿಸಾಕು ತೋಳಿನಿಂದ ಕಣ್ಣೊರೆಸಿಕೊಂಡು, ಚಳಿಯ ಮೇಲೆ ಹಾಕಿ ಏನೋ ಗೊಣಗಿದ. ಆಮೇಲೆ ಹಲಗೆಯ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಸೊಸೆಯ ಮುಖ ನೋಡಿದ. ಅವಳು "ಎತ್ತಿ" ಅಂದಮೇಲೆ ಎತ್ತಿದ.